ಕಷ್ಟಪಟ್ಟೆ ಅಂತ ಹೇಳುವವರೆಲ್ಲ ಅದೃಷ್ಟವಂತರಾ? ಹಾಗಾದರೆ ದಾರಿ ಆರಿಸುವುದು ಹೇಗೆ?

ಕೊನೆ ಬೆಂಚು:

ಒಂದು ವಿಷಯ ಬಹಳ ದಿನದಿಂದ ತಲೆ ತಿನ್ನುತ್ತಿದೆ. ಓದು ಮುಗಿಯುತ್ತಾ ಬಂತು. ಸಿಕ್ಕವರೆಲ್ಲ ಮುಂದೇನು ಅಂತ ಕೇಳುತ್ತಾರೆ. ಗೆದ್ದವರನ್ನು ಹೇಗೆ ಗೆದ್ದಿರಿ ಅಂತ ಕೇಳಿದರೆ ಒಂದೇ ಉತ್ತರ: ಕಷ್ಟಪಟ್ಟೆ, ಬಿಡಲಿಲ್ಲ, ಸಿಕ್ಕಿತು. ಸೋತವರದ್ದೂ ಒಂದೇ ಉತ್ತರ: ಹಣೆಯಲ್ಲಿ ಬರೆದಿರಲಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರ ಮಾತೂ ನನಗೆ ಉಪಯೋಗಕ್ಕೆ ಬರುತ್ತಿಲ್ಲ.

ಸುಮ್ನೆ ಕೂತು ಒಂದು ಲೆಕ್ಕ ಹಾಕಿದೆ. 100 ಪ್ರಶ್ನೆಗಳ ಪರೀಕ್ಷೆ ಅಂದುಕೊಳ್ಳಿ. ಪ್ರತಿ ಪ್ರಶ್ನೆಗೆ 4 ಆಯ್ಕೆ, ತಪ್ಪಾದರೆ ಅಂಕ ಕಳೆಯುವುದಿಲ್ಲ. ಇಬ್ಬರು ಬರೆಯುತ್ತಾರೆ. ಇಬ್ಬರಿಗೂ ಸರಿಯಾಗಿ 60 ಉತ್ತರ ಗೊತ್ತು. ಉಳಿದ 40ಕ್ಕೆ ಕಣ್ಣು ಮುಚ್ಚಿ ಗುರುತು ಹಾಕುತ್ತಾರೆ. ಸರಾಸರಿ ಲೆಕ್ಕದಲ್ಲಿ ಅದರಲ್ಲಿ 10 ಸರಿಹೋಗಬೇಕು, ಅಂದರೆ ಇಬ್ಬರಿಗೂ 70 ಬರಬೇಕು. ಆದರೆ ಹಾಗೆ ಬರುವುದಿಲ್ಲ, ಒಬ್ಬನಿಗೆ 68, ಇನ್ನೊಬ್ಬನಿಗೆ 73 ಬಂದರೆ ಆಶ್ಚರ್ಯವೇನಿಲ್ಲ. ಮೂರು ಸಲಕ್ಕೆ ಹೆಚ್ಚುಕಡಿಮೆ ಒಂದು ಸಲ ಇವರಿಬ್ಬರ ನಡುವೆ 4 ಅಥವಾ ಅದಕ್ಕಿಂತ ಜಾಸ್ತಿ ಅಂಕದ ಅಂತರ ಬೀಳುತ್ತದೆ. ಲಕ್ಷಾಂತರ ಜನ ಬರೆಯುವ ಪರೀಕ್ಷೆಯಲ್ಲಿ 4 ಅಂಕ ಅಂದರೆ ಎಷ್ಟು ಸಾವಿರ ರ‍್ಯಾಂಕ್ ಅಂತ ನಿಮಗೇ ಗೊತ್ತು. ಒಬ್ಬನಿಗೆ ಸೀಟು ಸಿಗುತ್ತದೆ, ಆಮೇಲೆ ಅವನು ವೇದಿಕೆ ಹತ್ತಿ ಯಶಸ್ಸಿನ ಗುಟ್ಟು ಹೇಳುತ್ತಾನೆ, ಇನ್ನೊಬ್ಬ ಕೆಳಗೆ ಕುರ್ಚಿಯಲ್ಲಿ ಕೂತು ಅದನ್ನು ಬರೆದುಕೊಳ್ಳುತ್ತಾನೆ.

ನನ್ನ ಮುಂದೆ ಎರಡು ದಾರಿ ಇವೆ. ಒಂದು, ಎಲ್ಲರೂ ಬರೆಯುವ ದೊಡ್ಡ ನೌಕರಿ ಪರೀಕ್ಷೆ. ಇನ್ನೊಂದು, ನನಗೆ ಇಷ್ಟವಾಗುವ ಜೀವಶಾಸ್ತ್ರದ ಸಂಶೋಧನೆ. ಎರಡರಲ್ಲೂ ತುದಿ ಮುಟ್ಟುವವರು ಕಡಿಮೆ. ಫಲ ಅರ್ಧಕ್ಕರ್ಧ ನನ್ನ ಕೈಲಿಲ್ಲ ಅಂತ ಗೊತ್ತಿದ್ದ ಮೇಲೆ ದೊಡ್ಡ ಗುರಿ ಇಟ್ಟುಕೊಳ್ಳುವುದು ದಡ್ಡತನ ಅಲ್ವಾ? ಅಲ್ಲ ಅಂದರೆ, ಯಾವುದನ್ನು ನೋಡಿ ದಾರಿ ಆರಿಸಬೇಕು? ‘ಮನಸ್ಸಿನ ಮಾತು ಕೇಳು’ ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ನನ್ನ ಮನಸ್ಸು ವಾರಕ್ಕೊಂದು ಮಾತು ಹೇಳುತ್ತದೆ.

ಮೊಂಡುವಾದಿ:

ಓದದೇ ಇರುವುದಕ್ಕೆ ಇಷ್ಟು ಚೆಂದದ ನೆಪ ಇದುವರೆಗೂ ನೋಡಿರಲಿಲ್ಲ. ಆ 60 ಗೊತ್ತಿದ್ದವನು ಇನ್ನೂ ಕೂತು ಓದಿ 80 ಮಾಡಿಕೊಂಡಿದ್ದರೆ ಊಹೆಗೆ ಉಳಿಯುವುದು 20 ಮಾತ್ರ. ಅದೃಷ್ಟಕ್ಕೆ ಜಾಗವೇ ಇರುವುದಿಲ್ಲ. ಲೆಕ್ಕ ಹಾಕುವ ಹೊತ್ತಲ್ಲಿ ಒಂದು ಪಾಠ ಮುಗಿಸಬಹುದಿತ್ತು.

ಲೆಕ್ಕಾಚಾರ:

ಮೊಂಡುವಾದಿಯವರ ಮಾತು ಅರ್ಧ ಸರಿ. ಊಹೆ 40ರಿಂದ 20ಕ್ಕೆ ಇಳಿದರೆ ಅಂಕದ ಏರುಪೇರೂ ಅರ್ಧವಾಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಅದು ವರ್ಗಮೂಲದ ಲೆಕ್ಕ, ಇಳಿಯುವುದು ಶೇ 30ರಷ್ಟು ಮಾತ್ರ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ನೀವು 80 ಕಲಿಯುವ ಹೊತ್ತಿಗೆ ಪಕ್ಕದವನೂ 80 ಕಲಿತಿರುತ್ತಾನೆ. ಎಲ್ಲರೂ ಗಟ್ಟಿಯಾದಷ್ಟೂ ಅವರ ನಡುವಿನ ಅಂತರ ಕಿರಿದಾಗುತ್ತದೆ. ಆ ಕಿರಿದಾದ ಅಂತರದಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದನ್ನು ತೀರ್ಮಾನಿಸುವುದು ಅವತ್ತಿನ ನಿದ್ದೆ, ಅವತ್ತಿನ ಪ್ರಶ್ನೆಪತ್ರಿಕೆ. ಓದದಿದ್ದವನು ಆಟದಲ್ಲೇ ಇಲ್ಲ, ಅದು ಬೇರೆ ವಿಷಯ. ಆಟದಲ್ಲಿ ಉಳಿದವರ ನಡುವೆ ಅದೃಷ್ಟದ ತೂಕ ಜಾಸ್ತಿಯಾಗುತ್ತದೆ, ಕಮ್ಮಿಯಾಗುವುದಿಲ್ಲ.

ಇದರ ಮೇಲೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ. ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಮಾಡಿದ್ದು, 2006ರಲ್ಲಿ ಪ್ರಕಟವಾಯಿತು. ಯಾರೂ ಕೇಳಿರದ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದೆ ಇಟ್ಟರು. ಕೆಲವರಿಗೆ ಹಾಡು ಮಾತ್ರ ಕಾಣುತ್ತಿತ್ತು. ಉಳಿದವರನ್ನು 8 ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡಿದ್ದಾರೆ ಎಂದು ಕಾಣುವ ಹಾಗೆ ಮಾಡಿದರು. ಅವೇ 48 ಹಾಡು, 8 ಬೇರೆ ಬೇರೆ ಲೋಕ. ಸ್ವತಂತ್ರವಾಗಿ ಕೇಳಿದವರ ಪಟ್ಟಿಯಲ್ಲಿ 26ನೇ ಜಾಗದಲ್ಲಿದ್ದ ಒಂದು ಹಾಡು ಒಂದು ಲೋಕದಲ್ಲಿ 1ನೇ ಸ್ಥಾನಕ್ಕೆ ಹೋಯಿತು, ಇನ್ನೊಂದು ಲೋಕದಲ್ಲಿ 40ಕ್ಕೆ ಬಿತ್ತು. ಹಾಡು ಅದೇ. ಮೊದಲು ಬಂದ ನಾಲ್ಕು ಜನ ಏನು ಒತ್ತಿದರು ಅನ್ನುವುದೇ ವ್ಯತ್ಯಾಸ.

ಇಲ್ಲಿ ಇನ್ನೊಂದು ಮಾತಿದೆ, ಇದನ್ನು ಯಾರೂ ಹೇಳುವುದಿಲ್ಲ. ತುಂಬಾ ಚೆನ್ನಾಗಿದ್ದ ಹಾಡುಗಳು ತೀರಾ ಕೆಳಗೆ ಬಿದ್ದದ್ದು ಅಪರೂಪ. ತೀರಾ ಕಳಪೆ ಹಾಡುಗಳು ಮೇಲೆ ಬಂದದ್ದೂ ಅಪರೂಪ. ಪಲ್ಟಿ ಹೊಡೆದದ್ದು ನಡುವಿನವು. ನಮ್ಮಲ್ಲಿ ಜಾಸ್ತಿ ಜನ ಇರುವುದು ಅಲ್ಲೇ.

ಹಳೇ ಹುಲಿ:

ತಮ್ಮಾ, ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ವಯಸ್ಸಿನ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಕಥೆ ಗೊತ್ತಿದ್ದರೂ ನಡುವಿನ ಒಂದು ಭಾಗ ಗೊತ್ತಿರಲಿಕ್ಕಿಲ್ಲ.

ಚಾರ್ಲ್ಸ್ ಡಾರ್ವಿನ್‌ಗೆ ಆಗ 22 ವರ್ಷ. ಅಪ್ಪ ಡಾಕ್ಟರು. ಮಗನನ್ನು ಎಡಿನ್‌ಬರೋದಲ್ಲಿ ವೈದ್ಯಕೀಯಕ್ಕೆ ಹಾಕಿದರು. ಅರಿವಳಿಕೆ ಇಲ್ಲದ ಕಾಲದ ಶಸ್ತ್ರಚಿಕಿತ್ಸೆ ನೋಡಲಾಗದೆ ಹುಡುಗ ಬಿಟ್ಟು ಬಂದ. ಪಾದ್ರಿಯಾದರೂ ಆಗಲಿ ಅಂತ ಕೇಂಬ್ರಿಜ್‌ಗೆ ಕಳಿಸಿದರು. ಅಲ್ಲಿ ಇವನ ಹುಚ್ಚು ಜೀರುಂಡೆ ಹಿಡಿಯುವುದು. ಒಂದು ಸಲ ಎರಡೂ ಕೈಯಲ್ಲಿ ಒಂದೊಂದು ಜೀರುಂಡೆ ಇರುವಾಗ ಮೂರನೆಯದು ಕಂಡಿತು. ಕೈಯಲ್ಲಿದ್ದ ಒಂದನ್ನು ಬಾಯಿಗೆ ಹಾಕಿಕೊಂಡ. ಅದು ನಾಲಿಗೆ ಸುಡುವಂಥ ರಸ ಬಿಟ್ಟಿತು. ಉಗುಳಿದ, ಜೀರುಂಡೆ ಹೋಯಿತು.

1831ರ ಆಗಸ್ಟ್ ಕೊನೆಗೆ ಒಂದು ಕಾಗದ ಬಂತು. ಬೀಗಲ್ ಎಂಬ ಹಡಗು ಲೋಕ ಸುತ್ತಲು ಹೊರಟಿದೆ, ಜೊತೆಗೆ ಒಬ್ಬ ನಿಸರ್ಗ ಶಾಸ್ತ್ರಜ್ಞ ಬೇಕು, ಬರುತ್ತೀಯಾ? ಇವನು ಮೊದಲ ಆಯ್ಕೆ ಅಲ್ಲ. ಮೊದಲು ಕೇಳಿದ್ದು ಜೆನಿನ್ಸ್ ಎಂಬ ಪಾದ್ರಿಯನ್ನು. ಅವರು ತಮ್ಮ ಚರ್ಚಿನ ಕೆಲಸ ಬಿಟ್ಟು ಬರಲಾರೆ ಅಂದರು. ಇವನ ಗುರು ಹೆನ್ಸ್ಲೋ ತಾನೇ ಹೋಗೋಣ ಅಂದುಕೊಂಡು, ಹೆಂಡತಿಯ ಮುಖ ನೋಡಿ ಸುಮ್ಮನಾದರು. ಆಮೇಲೆ ಇವನ ಹೆಸರು ಬಂತು.

ಅಪ್ಪ ಬೇಡ ಅಂದರು. ಆದರೆ ಒಂದು ಬಾಗಿಲು ತೆರೆದಿಟ್ಟರು: ಬುದ್ಧಿ ಇರುವ ಯಾರಾದರೂ ಒಬ್ಬರು ಹೋಗು ಅಂದರೆ ಒಪ್ಪುತ್ತೇನೆ. ಹುಡುಗ ಬರಲಾಗುವುದಿಲ್ಲ ಅಂತ ಕಾಗದ ಬರೆದು ಸೋದರಮಾವ ಜೋಸಾಯ ವೆಜ್‌ವುಡ್ ಮನೆಗೆ ಹೋದ. ಇಲ್ಲಿದೆ ನೋಡು ನಾನು ಹೇಳಬೇಕಾದ್ದು. ಅಪ್ಪನ ಆಕ್ಷೇಪಣೆಗಳನ್ನು ಅವನು ಒಂದೊಂದಾಗಿ ಬರೆದ, ಒಟ್ಟು 8. ಮುಂದೆ ಪಾದ್ರಿಯಾಗುವವನಿಗೆ ಇದು ಮರ್ಯಾದೆಯಲ್ಲ. ಇದೊಂದು ಹುಚ್ಚು ಯೋಜನೆ. ನಿನಗಿಂತ ಮುಂಚೆ ಬೇರೆಯವರಿಗೆ ಹೇಳಿರಬೇಕು, ಅವರು ಬೇಡ ಅಂದಿದ್ದಾರೆ ಅಂದರೆ ಹಡಗಲ್ಲೋ ಪ್ರಯಾಣದಲ್ಲೋ ಏನೋ ಊನ ಇದೆ. ಹೋಗಿ ಬಂದ ಮೇಲೆ ನೀನು ಒಂದು ಕಡೆ ನೆಲೆ ನಿಲ್ಲುವುದಿಲ್ಲ. ಮತ್ತೊಮ್ಮೆ ಕಸುಬು ಬದಲಾಯಿಸಿದ ಹಾಗಾಗುತ್ತದೆ. ಇದರಿಂದ ಏನೂ ಪ್ರಯೋಜನ ಇಲ್ಲ. ಸುಮಾರು 200 ವರ್ಷದ ಹಿಂದಿನ ಮಾತು ಅಂತ ಅನ್ನಿಸುತ್ತದಾ? ನಿಮ್ಮ ಮನೆಯಲ್ಲಿ ನಿನ್ನೆ ಕೇಳಿದ ಹಾಗೆ ಇಲ್ಲವಾ?

ಸೋದರಮಾವ ಒಂದೊಂದಕ್ಕೂ ಉತ್ತರ ಬರೆದರು. ಸುಮ್ನೆ ಹೊಗಳಲಿಲ್ಲ. ಹುಡುಗ ಈಗ ತನ್ನ ಕಸುಬಿನ ಓದಿನಲ್ಲೇ ಮುಳುಗಿದ್ದರೆ ಅದನ್ನು ಕೆಡಿಸಬೇಡಿ ಅನ್ನುತ್ತಿದ್ದೆ, ಆದರೆ ಹಾಗಿಲ್ಲ, ಅವನು ಈಗ ಹಿಡಿದಿರುವ ದಾರಿಯೂ ಈ ಪ್ರಯಾಣದ ದಾರಿಯೂ ಒಂದೇ ಅಂದರು. ಪಾದ್ರಿ ಕೆಲಸಕ್ಕೆ ಇದರಿಂದ ಉಪಯೋಗ ಇಲ್ಲ ಅಂತ ಒಪ್ಪಿಕೊಂಡರು. ಆಮೇಲೆ ಸುಮಾರು 30 ಮೈಲಿ ಗಾಡಿಯಲ್ಲಿ ತಾವೇ ಕರೆದುಕೊಂಡು ಹೋಗಿ ಅಪ್ಪನ ಮುಂದೆ ನಿಂತರು. ಅಪ್ಪ ಒಪ್ಪಿದರು. ಅಷ್ಟಕ್ಕೂ ಮುಗಿಯಲಿಲ್ಲ. ಮುಖ ನೋಡಿ ಗುಣ ಹೇಳಬಲ್ಲೆ ಅಂತ ನಂಬಿದ್ದ ಕ್ಯಾಪ್ಟನ್ ಫಿಟ್ಜ್‌ರಾಯ್, ಇಂಥ ಮೂಗಿನವನಿಗೆ ಛಲ ಇರುತ್ತದಾ ಅಂತ ಅನುಮಾನಪಟ್ಟ. ಹೇಗೋ ಅದೂ ದಾಟಿತು. ಡಿಸೆಂಬರ್ 27ಕ್ಕೆ ಹಡಗು ಹೊರಟಿತು, ವಾಪಸ್ ಬಂದದ್ದು 1836ರಲ್ಲಿ. ಮುದುಕನಾದ ಮೇಲೆ ಡಾರ್ವಿನ್ನೇ ಬರೆದುಕೊಂಡ, ನನ್ನ ಬದುಕಿನ ಎಲ್ಲಕ್ಕಿಂತ ದೊಡ್ಡ ಘಟನೆ ಮಾವನ ಆ 30 ಮೈಲಿ ಮತ್ತು ನನ್ನ ಮೂಗಿನ ಆಕಾರದ ಮೇಲೆ ನಿಂತಿತ್ತು ಅಂತ.

ಕೊನೆ ಬೆಂಚು:

ಸರ್, ಕಥೆ ತುಂಬಾ ಚೆನ್ನಾಗಿದೆ, ಆ 8 ಆಕ್ಷೇಪಣೆ ಓದಿ ನಗು ಬಂತು. ಆದರೆ ಇದೂ ಗೆದ್ದವನ ಕಥೆಯೇ ಅಲ್ವಾ? ಹೀಗೇ ಹಡಗು ಹತ್ತಿ ಎಲ್ಲೋ ಜ್ವರ ಬಂದು ಸತ್ತವರನ್ನು ಯಾರು ನೆನಪಿಟ್ಟುಕೊಂಡಿದ್ದಾರೆ? ಎರಡನೇ ಮಹಾಯುದ್ಧದಲ್ಲಿ ಸಂಖ್ಯಾಶಾಸ್ತ್ರಜ್ಞ ಏಬ್ರಹಾಂ ವಾಲ್ಡ್ ಹೇಳಿದ್ದು ಇದನ್ನೇ, ಬಿದ್ದ ವಿಮಾನಗಳನ್ನು ಮರೆತು, ಮರಳಿ ಬಂದ ವಿಮಾನಗಳ ಗುಂಡಿನ ತೂತು ಮಾತ್ರ ನೋಡಿ ಬೀಳದೇ ಇರುವುದು ಹೇಗೆ ಅಂತ ತೀರ್ಮಾನಿಸಬೇಡಿ ಎಂದು. ಎಲ್ಲರಿಗೂ ಗೊತ್ತಿರುವ ಉದಾಹರಣೆ, ಎಳೆಯುವುದಿಲ್ಲ.

ಹಳೇ ಹುಲಿ:

ಒಪ್ಪಿದೆ. ಅದಕ್ಕೇ ಕಥೆಯ ಕೊನೆ ಬಿಡು, ನಡುವೆ ನೋಡು ಅಂದದ್ದು. ಗಾಳಿ ಬಂದಾಗ ತೂರಿಕೋ ಅನ್ನುತ್ತೇವೆ. ತೂರಿಕೊಳ್ಳಬೇಕಾದರೆ ಕಣದಲ್ಲಿ ಬಡಿದು ಹಾಕಿದ ರಾಶಿ ಇರಬೇಕಲ್ಲ. ಆ ಹುಡುಗನ ರಾಶಿ ಜೀರುಂಡೆ. ಹಡಗು ಬರುತ್ತದೆ ಅಂತ ಹಿಡಿದದ್ದಲ್ಲ. ಗಾಳಿ ಬರದೇ ಹೋಗಿದ್ದರೆ ಯಾವುದೋ ಹಳ್ಳಿಯ ಪಾದ್ರಿಯಾಗಿ, ಭಾನುವಾರ ಬಿಟ್ಟು ಉಳಿದ ದಿನ ಜೀರುಂಡೆ ಹಿಡಿದುಕೊಂಡು ಇರುತ್ತಿದ್ದ. ಅದೇನು ಕೆಟ್ಟ ಬದುಕಾ?

ಸುಮ್ನೆ ಓದುಗ:

ಎಲ್ಲ ಸರಿ, ಒಂದು ಮಾತು ಬಿಟ್ಟುಹೋಯಿತು. ಬೀಗಲ್‌ನಲ್ಲಿ ಡಾರ್ವಿನ್‌ಗೆ ಸಂಬಳ ಇರಲಿಲ್ಲ. ಐದು ವರ್ಷದ ಖರ್ಚು ಅಪ್ಪನದು. ಒಂದು ಓದು ಅರ್ಧಕ್ಕೆ ಬಿಟ್ಟು, ಇನ್ನೊಂದು ಮುಗಿಸಿ ಬಂದ ಮಗನನ್ನು ಮೂರನೇ ಸಲವೂ ಸಾಕುವ ಅಪ್ಪ ಇದ್ದರೆ ನಾನೂ ಜೀರುಂಡೆ ಹಿಡಿಯುತ್ತಿದ್ದೆ. ನಾವು ಅದೃಷ್ಟ ಅಂದರೆ ಲಾಟರಿ ಹೊಡೆಯುವುದು ಅಂದುಕೊಂಡಿದ್ದೇವೆ. ನಿಜವಾದ ಅದೃಷ್ಟ ಎಷ್ಟು ಸಲ ಸೋಲಲು ಬಿಡುತ್ತಾರೆ ಅನ್ನುವುದರಲ್ಲಿ ಇದೆ. ನನಗೆ ಸಿಕ್ಕಿದ್ದು ಒಂದೇ ಸಲ. ಆಗಲಿಲ್ಲ, ಕೆಲಸಕ್ಕೆ ಸೇರಿದೆ. ದೂರಲ್ಲ, ಇದ್ದದ್ದು ಹೇಳಿದೆ.

ಲೆಕ್ಕಾಚಾರ:

ಈ ಚರ್ಚೆಯಲ್ಲೇ ನನಗೆ ಅತಿ ಮುಖ್ಯ ಅನ್ನಿಸಿದ ಮಾತು ಇದು. ಅಂಕಿಯಲ್ಲಿ ಹೇಳುತ್ತೇನೆ. ಒಂದು ಕೆಲಸ ಸಿಗುವ ಸಾಧ್ಯತೆ ಹತ್ತರಲ್ಲಿ ಒಂದು ಅಂದುಕೊಳ್ಳಿ. ಒಂದೇ ಸಲ ಪ್ರಯತ್ನಿಸಿದವನಿಗೆ ಶೇ 10. ಐದು ಸಲಕ್ಕೆ ಸುಮಾರು ಶೇ 41. ಹತ್ತು ಸಲಕ್ಕೆ ಶೇ 65. ಪ್ರತಿಭೆ ಒಂದು ಕೂದಲಷ್ಟೂ ಬದಲಾಗಿಲ್ಲ. ಹತ್ತು ಸಲ ಪ್ರಯತ್ನಿಸಿ ಗೆದ್ದವನು ‘ನಾನು ಬಿಡಲಿಲ್ಲ’ ಅನ್ನುತ್ತಾನೆ. ನಿಜವೇ. ಹತ್ತು ಸಲ ಬಿಡದೇ ಇರಲು ಅವನಿಗೆ ಯಾರು ಊಟ ಹಾಕಿದರು ಅನ್ನುವುದನ್ನು ಹೇಳುವುದಿಲ್ಲ ಅಷ್ಟೇ.

ಒಂದು ಎಚ್ಚರಿಕೆ: ಈ ಲೆಕ್ಕ ನಡೆಯುವುದು ಪ್ರತಿ ಪ್ರಯತ್ನವೂ ಬೇರೆ ಬೇರೆ ಆಗಿದ್ದರೆ ಮಾತ್ರ. ಅದೇ ಪರೀಕ್ಷೆಯನ್ನು ಅದೇ ತಯಾರಿಯಲ್ಲಿ ಮತ್ತೆ ಮತ್ತೆ ಬರೆದರೆ ಹತ್ತು ಪ್ರಯತ್ನ ಅಂತ ಲೆಕ್ಕ ಸಿಗುತ್ತದೆ, ಆದರೆ ಅದು ಒಂದೂವರೆ ಪ್ರಯತ್ನ ಇರಬಹುದು.

ಮೊಂಡುವಾದಿ:

ಸರಿ, ಇದನ್ನು ಒಪ್ಪುತ್ತೇನೆ. ಆದರೂ ಕೇಳುತ್ತೇನೆ. ಎಲ್ಲ ಅದೃಷ್ಟ ಅಂತ ನಂಬಿದ ಹುಡುಗ ಬೆಳಿಗ್ಗೆ ಏಳುತ್ತಾನಾ? ಮಹತ್ವಾಕಾಂಕ್ಷೆ ಅನ್ನುವುದು ಸ್ವಲ್ಪ ಸುಳ್ಳು ನಂಬಿಕೆಯ ಮೇಲೇ ನಿಂತಿರುತ್ತದೆ. ‘ನನಗೆ ಸಿಕ್ಕೇ ಸಿಗುತ್ತದೆ’ ಅಂದುಕೊಂಡವನು ಓದುತ್ತಾನೆ, ‘ಶೇ 10’ ಅಂದುಕೊಂಡವನು ಮಲಗುತ್ತಾನೆ. ನನ್ನ ಜೊತೆ ಓದಿದ ಇಂಥ ಜಾಣರನ್ನು ಬಹಳ ನೋಡಿದ್ದೇನೆ.

ರಾತ್ರಿ ಪಾಳಿ:

ನಾನು ನರ್ಸ್. ಈಗ ಪಾಳಿ ಮುಗಿಸಿ ಬಂದು ಓದಿದೆ. ಮೊಂಡುವಾದಿಯವರೇ, ಬೆಳಿಗ್ಗೆ ಏಳಿಸುವುದು ‘ಸಿಕ್ಕೇ ಸಿಗುತ್ತದೆ’ ಅನ್ನುವ ನಂಬಿಕೆ ಅಲ್ಲ, ನನ್ನ ಅನುಭವದಲ್ಲಂತೂ ಅಲ್ಲ.

ನಮ್ಮ ಕೋರ್ಸಿಗೆ ದೊಡ್ಡ ಕನಸು ಹೊತ್ತು ಬಂದವರು ಬಹಳ ಜನ ಇದ್ದರು. ಜನಸೇವೆ, ಜೀವ ಉಳಿಸುವುದು, ಹೊರದೇಶ. ಕೆಲಸಕ್ಕೆ ಬಂದ ಮೇಲೆ ಕಾಣುವುದು ಬೇರೆ. ಏಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ, ಸೊಂಟದಲ್ಲಿ ಹುಣ್ಣಾಗುತ್ತದೆ. ರಾತ್ರಿ ಎರಡು, ನಾಲ್ಕು, ಆರು. ತಿರುಗಿಸುವಾಗ ಹಿಮ್ಮಡಿ ನೋಡಬೇಕು, ಕೆಂಪಾಗಿದೆಯಾ ಅಂತ ಬೆರಳಲ್ಲಿ ಒತ್ತಬೇಕು, ಒತ್ತಿದ ಮೇಲೂ ಕೆಂಪು ಹೋಗದಿದ್ದರೆ ಬರೆದಿಡಬೇಕು. ಹುಣ್ಣಾಗದೇ ಇದ್ದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆಗಲಿಲ್ಲ ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ. ಈ ಹಿಮ್ಮಡಿ ನೋಡುವ ಕೆಲಸದಲ್ಲಿ ಏನೋ ಒಂದು ತೃಪ್ತಿ ಸಿಕ್ಕವರು ಉಳಿದರು. ಕನಸು ಮಾತ್ರ ಇದ್ದವರು ಹೋದರು. ಹೋದದ್ದು ತಪ್ಪಲ್ಲ.

ತಮ್ಮಾ, ದಾರಿಯ ತುದಿ ಅದೃಷ್ಟದ ಕೈಲಿದೆ ಅಂತ ನೀನೇ ಲೆಕ್ಕ ಹಾಕಿದ್ದೀಯ. ಹಾಗಾದರೆ ತುದಿ ನೋಡಿ ಯಾಕೆ ಆರಿಸುತ್ತೀಯ? ಅಲ್ಲಿ ಇರುವವರನ್ನು ಹುಡುಕಿ ಕೇಳು, ಹೋದ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡಿದಿರಿ ಅಂತ. ಸಾಧನೆ ಕೇಳಬೇಡ, ಮಂಗಳವಾರ ಕೇಳು. ಅಂಥ ಮಂಗಳವಾರ ನಿನಗೆ ಸಾಕು ಅನ್ನಿಸಿದರೆ ಸರಿ.

ಎರಡನೇ ಇನಿಂಗ್ಸ್:

ಅಕ್ಕ ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇದಾ ಅದಾ ಅಂತ ಇವತ್ತೇ ತೀರ್ಮಾನ ಆಗಬೇಕು ಅಂತ ಯಾರು ಹೇಳಿದರು? ಸಿ.ವಿ. ರಾಮನ್ 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಪಾಸು ಮಾಡಿ ಕಲ್ಕತ್ತೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾದರು. ಆಗ ಭೌತಶಾಸ್ತ್ರ ನಂಬಿ ಬದುಕುವ ದಾರಿಯೇ ಸರಿಯಾಗಿ ಇರಲಿಲ್ಲ. ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ, ವಿಜ್ಞಾನ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಹೀಗೆ ಹೆಚ್ಚುಕಡಿಮೆ ಹತ್ತು ವರ್ಷ. 1917ರಲ್ಲಿ ಪ್ರೊಫೆಸರ್ ಹುದ್ದೆ ಬಂದಾಗ ಸಂಬಳ ಕಮ್ಮಿ ಅಂತ ಗೊತ್ತಿದ್ದೂ ಹೋದರು. 1928ರ ರಾಮನ್ ಪರಿಣಾಮ, 1930ರ ನೊಬೆಲ್ ಎಲ್ಲರಿಗೂ ಗೊತ್ತು. ಹೌದು, ಇದೂ ಗೆದ್ದವರ ಕಥೆ, ಬೈಯಬೇಡಿ. ಆದರೆ 1917ರಲ್ಲೇ ಕಥೆ ನಿಂತಿದ್ದರೂ ಅದು ಸೋಲಲ್ಲ ಅನ್ನುವುದು ನನ್ನ ಮಾತು. ಸಂಬಳವೂ ಇತ್ತು, ಸಂಜೆಯೂ ಇತ್ತು.

ನಾನೂ ಹಾಗೇ ಮಾಡುತ್ತಿದ್ದೇನೆ, ಸಣ್ಣ ಮಟ್ಟದಲ್ಲಿ. ಮಧ್ಯವಯಸ್ಸಿನಲ್ಲಿ ಹೊಸ ಕಸುಬು ಕಲಿಯುತ್ತಿದ್ದೇನೆ, ಹಳೆಯದನ್ನು ಬಿಟ್ಟಿಲ್ಲ. ಸುಸ್ತಾಗುತ್ತದೆ, ಅದನ್ನೂ ಹೇಳಬೇಕು. ಮನೆಯವರ ಜೊತೆ ಕೂರುವ ಹೊತ್ತು ಅದರಲ್ಲೇ ಹೋಗುತ್ತದೆ.

ಸುಮ್ನೆ ಓದುಗ:

ಅಷ್ಟೆಲ್ಲ ಯೋಚಿಸಿಯೂ ತೋಚದಿದ್ದರೆ ನಾಣ್ಯ ಹಾಕಿ. ತಮಾಷೆ ಅಲ್ಲ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇದನ್ನೇ ಮಾಡಿಸಿದರು. ಕೆಲಸ ಬಿಡಲಾ, ಓದಿಗೆ ವಾಪಸ್ ಹೋಗಲಾ ಅಂತ ಒದ್ದಾಡುತ್ತಿದ್ದವರು ಬಂದು ನಾಣ್ಯ ಹಾಕಿಸಿದರು, 20,000ಕ್ಕೂ ಜಾಸ್ತಿ ಸಲ. ದೊಡ್ಡ ತೀರ್ಮಾನಗಳಲ್ಲಿ, ಬದಲಾಯಿಸು ಅಂತ ನಾಣ್ಯ ಹೇಳಿದವರು ಆರು ತಿಂಗಳ ಮೇಲೆ ಕೇಳಿದಾಗ ಉಳಿದವರಿಗಿಂತ ಸಂತೋಷವಾಗಿದ್ದರಂತೆ.

ಲೆಕ್ಕಾಚಾರ:

ನಾಣ್ಯದ ಮಾತು ಕೇಳಲು ತಾವಾಗಿ ಬಂದವರು ಅವರು, ಅದನ್ನು ಮರೆಯಬೇಡಿ. ಒಂದು ಕಾಲು ಆಗಲೇ ಹೊಸಿಲ ಹೊರಗೆ ಇಟ್ಟವರು. ಎಲ್ಲರಿಗೂ ಅನ್ವಯ ಮಾಡಬೇಡಿ.

ಕೊನೆ ಬೆಂಚು:

ಎಲ್ಲರಿಗೂ ಥ್ಯಾಂಕ್ಸ್. ಎರಡು ಕೆಲಸ ಮಾಡಿದೆ.

ಹಳೇ ಹುಲಿ ಸರ್ ಹೇಳಿದ ಹಾಗೆ ಮನೆಯವರ ಆಕ್ಷೇಪಣೆಗಳನ್ನು ಸಾಲಾಗಿ ಬರೆದೆ. ಬಾಯಲ್ಲಿ ಕೇಳಿದಾಗ ಬೆಟ್ಟದಷ್ಟು ಅನ್ನಿಸುತ್ತಿತ್ತು. ಬರೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ‘ಜನ ಏನಂತಾರೆ’ ಅನ್ನುವುದರ ಬೇರೆ ಬೇರೆ ವೇಷ. ಅವನ್ನೆಲ್ಲ ಹೊಡೆದು ಹಾಕಿದ ಮೇಲೆ ಒಂದು ಉಳಿಯಿತು, ಅಮ್ಮ ಕೇಳಿದ್ದು: ಎರಡು ವರ್ಷ ಕಳೆದು ಆಗಲಿಲ್ಲ ಅಂದರೆ ಕೈಯಲ್ಲಿ ಏನು ಉಳಿಯುತ್ತದೆ? ಸಂಶೋಧನೆ ಬೇಡ ಅನ್ನುವುದಕ್ಕೆ ಕೇಳಿದ ಪ್ರಶ್ನೆ ಅದು. ಉತ್ತರ ಬರೆಯಲು ಕೂತರೆ ತಿರುಗಿ ಬಿತ್ತು. ಪ್ರಯೋಗಾಲಯದಲ್ಲಿ ಎರಡು ವರ್ಷ ಇದ್ದು ಸಂಶೋಧನೆಗೆ ಸೀಟು ಸಿಗದಿದ್ದರೂ ಉಪಕರಣ ನಡೆಸುವುದು, ದತ್ತಾಂಶ ನೋಡುವುದು ಕೈಗೆ ಬಂದಿರುತ್ತದೆ, ಅದಕ್ಕೆ ಬೇರೆ ಕಡೆ ಕೆಲಸ ಇದೆ. ನೌಕರಿ ಪರೀಕ್ಷೆ 2 ಅಂಕಕ್ಕೆ ಹೋದರೆ ಉಳಿಯುವುದು ಪುಸ್ತಕದ ರಾಶಿ ಮಾತ್ರ.

ಎರಡನೆಯದು, ಮಂಗಳವಾರ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಸೀನಿಯರ್ ಒಬ್ಬರಿಗೆ ಕೇಳಿದೆ. ನಕ್ಕರು, ಆಮೇಲೆ ಉತ್ತರ ಕಳಿಸಿದರು. ಬೆಳಿಗ್ಗೆ ಹೋದಾಗ ಹಿಂದಿನ ದಿನ ಬೆಳೆಸಲು ಇಟ್ಟ ಜೀವಕೋಶಗಳಿಗೆ ಬೂಷ್ಟು ಹಿಡಿದಿತ್ತಂತೆ. ಎಲ್ಲ ಬಿಸಾಡಿ, ಪೆಟ್ಟಿಗೆ ಒರೆಸಿ, ಮತ್ತೆ ಮೊದಲಿಂದ ಇಟ್ಟರಂತೆ. ಮಧ್ಯಾಹ್ನ ಪೂರ್ತಿ ಲೆಕ್ಕದ ಹಾಳೆಯಲ್ಲಿ ಒಂದು ತಪ್ಪು ಹುಡುಕಿದರಂತೆ. ಸಿಗಲಿಲ್ಲವಂತೆ. ಬೂಷ್ಟು ಎಲ್ಲಿಂದ ಬಂತು ಅಂತ ನಾನು ತಿರುಗಿ ಕೇಳಿದೆ. ಅವರು ಮೂರು ಪುಟ ಬರೆದರು, ನಾನು ಮೂರೂ ಓದಿದೆ.

ಅಲ್ಲಿಗೆ ಅರ್ಜಿ ಹಾಕಿದ್ದೇನೆ. ನೌಕರಿ ಪರೀಕ್ಷೆಯನ್ನೂ ಒಂದು ಸಲ ಬರೆಯುತ್ತೇನೆ, ಮನೆಯವರಿಗೆ ಹಾಗೆ ಮಾತು ಕೊಟ್ಟಿದ್ದೇನೆ.

ಮೊಂಡುವಾದಿ:

ಎರಡು ದೋಣಿಯಲ್ಲಿ ಕಾಲು. ನೋಡೋಣ.

ಎರಡನೇ ಇನಿಂಗ್ಸ್:

ಅವರು ಹಾಗೇ ಅನ್ನುತ್ತಿರುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಒಂದು ಮಾತ್ರ ನೆನಪಿರಲಿ. ಪ್ರಯೋಗಾಲಯದಲ್ಲಿ ಮೊದಲು ಸಂಬಳ ಇಲ್ಲದೆ ಕಲಿಯಿರಿ ಅಂದರೆ ಎಷ್ಟು ತಿಂಗಳು, ಆಮೇಲೆ ಎಷ್ಟು ಕೊಡುತ್ತೀರಿ ಅಂತ ಸೇರುವ ಮುಂಚೆಯೇ ಕೇಳಿ, ಮೇಲ್‌ನಲ್ಲಿ ಬರೆಸಿಕೊಳ್ಳಿ. ಅನುಭವ ಪತ್ರ ಯಾರು ಸಹಿ ಹಾಕುತ್ತಾರೆ ಅಂತಲೂ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ.